ಮೊದಲು ವರ್ಬ್, ಆಮೇಲೆ ಉಳಿದದ್ದು: ಇಂಗ್ಲಿಷ್ ವಾಕ್ಯ ನನ್ನ ಹಿಡಿತಕ್ಕೆ ಬಂದ ಬಗೆ

ಇಂಗ್ಲಿಷ್ ವಾಕ್ಯದಲ್ಲಿ ನಾನು ಮೊದಲು ಬರೆಯುವುದು ವರ್ಬ್. ಆಮೇಲೆ ಅದರ ಎಡಕ್ಕೆ ಸಬ್ಜೆಕ್ಟ್. ಉಳಿದದ್ದೆಲ್ಲ ಕೊನೆಗೆ. ಹೀಗಂದಾಗ ಜೊತೆಯವರು ನಂಬಲಿಲ್ಲ. "ಓದ್ತಾ ಓದ್ತಾ ತಾನಾಗೇ ಬರುತ್ತೆ, ಈ ಕಸರತ್ತೆಲ್ಲ ಯಾಕೆ?" ಅಂದರು. ಹತ್ತಿರ ಹತ್ತಿರ ಒಂದು ವರ್ಷ ಬಿಡದೆ ಹೀಗೇ ಬರೆದೆ. ಈಗ ಅವರೇ ಮೇಲ್ ಕಳಿಸುವ ಮುಂಚೆ ನನಗೆ ತೋರಿಸುತ್ತಾರೆ.

ಇದಕ್ಕೂ ಮೊದಲು ದುಡ್ಡು ಸಾಕಷ್ಟು ಹೋಯಿತು. ಒಂದು ಆನ್‌ಲೈನ್ ಕೋರ್ಸ್‌ಗೆ ಅರ್ಧ ತಿಂಗಳ ಸಂಬಳ ಕೊಟ್ಟೆ. ಅಲ್ಲಿ 12 ಟೆನ್ಸ್‌ಗಳ ಪಟ್ಟಿ ಬಾಯಿಪಾಠ ಮಾಡಿಸಿದರು. ಬರೆಯಲು ಕೂತರೆ ಪಟ್ಟಿ ನೆನಪಾಗುತ್ತಿತ್ತು, ವಾಕ್ಯ ಹೊರಡುತ್ತಿರಲಿಲ್ಲ. ಆಮೇಲೆ ಚಂದಾ ಕಟ್ಟಿ ಗ್ರಾಮರ್ ತಿದ್ದುವ ಸಾಫ್ಟ್‌ವೇರ್ ತಗೊಂಡೆ. ಅದು ಗೆರೆ ಎಳೆಯುತ್ತದೆ, ಕ್ಲಿಕ್ ಮಾಡಿದರೆ ತಪ್ಪು ಮಾಯ. ಮರುದಿನ ಅದೇ ತಪ್ಪು ಹಾಜರ್. ಕೆಲವು ಕಡೆ ಅರ್ಥವನ್ನೇ ತಿರುಗಿಸಿಬಿಟ್ಟಿತು. ಆರೇಳು ತಿಂಗಳ ಚಂದಾ ಸುಮ್ನೆ ದಂಡ.

ಕೊನೆಗೆ ನಮ್ಮ ತಂಡದ ಹಳೆಯ ಮೇಲ್‌ಗಳನ್ನು ಪ್ರಿಂಟ್ ಹಾಕಿಕೊಂಡು ಕೂತೆ. ಅರ್ಧಕ್ಕೆ ನಿಂತ ವಾಕ್ಯಗಳಲ್ಲಿ ಮುಕ್ಕಾಲು ಪಾಲಿನ ಬೇರು ಕನ್ನಡದಲ್ಲೇ ಇತ್ತು. "ನಾಳೆ ಕಳಿಸುತ್ತೇನೆ" ಅಂದರೆ ಯಾರು ಅಂತ ಕ್ರಿಯಾಪದವೇ ಹೇಳಿಬಿಡುತ್ತದೆ. "ವಿಲ್ ಸೆಂಡ್ ಟುಮಾರೋ" ಅಂದರೆ ಯಾರು ಕಳಿಸುವುದು? 'ಐ' ಇಲ್ಲದೆ ಆಗದು. ಹಾಗೇ "ರಿಪೋರ್ಟ್ ರೆಡಿ" ಅಂದರೆ ನಮಗೆ ಮಾತು ಮುಗಿಯಿತು, ಅಲ್ವಾ? ಅಲ್ಲಿ 'ಈಸ್' ಕೂತರೇನೇ ವಾಕ್ಯ. "ದ ಟೀಮ್ ವರ್ಕಿಂಗ್ ಆನ್ ಇಟ್" ಕೂಡ ಅದೇ ಕಾಯಿಲೆ. ಬರೀ 'ಇಂಗ್' ವಾಕ್ಯವನ್ನು ಹೊರಲಾರದು. ಮಳೆ ಬಂದರೂ ಇಂಗ್ಲಿಷ್‌ಗೆ ಒಂದು 'ಇಟ್' ಬೇಕೇ ಬೇಕು.

ಅದಕ್ಕೇ ವರ್ಬ್‌ನಿಂದ ಶುರು. ಕಾಲ ತೋರಿಸುವ ವರ್ಬ್‌ಗೆ ಅಡಿಗೆರೆ, ಅದರ ಸಬ್ಜೆಕ್ಟ್‌ಗೆ ಒಂದು ಸುತ್ತು. ಎರಡರಲ್ಲಿ ಒಂದು ಇಲ್ಲದಿದ್ದರೂ ಫುಲ್‌ಸ್ಟಾಪ್ ಹಾಕುವುದಿಲ್ಲ. ಅನುಮಾನ ಬಂದರೆ ಮುಂದೆ "ಇಟ್ ಈಸ್ ಟ್ರೂ ದ್ಯಾಟ್" ಸೇರಿಸಿ ಓದುತ್ತೇನೆ. "ಬಿಕಾಸ್ ದ ಸರ್ವರ್ ವಾಸ್ ಡೌನ್" ಅನ್ನುವುದಕ್ಕೆ ಸೇರಿಸಿ ನೋಡಿ, ಗಾಳಿಯಲ್ಲಿ ನೇತಾಡುತ್ತದೆ. ಪ್ರಶ್ನೆಗೆ, ಆಜ್ಞೆಗೆ ಮಾತ್ರ ಈ ಪರೀಕ್ಷೆ ನಡೆಯದು. "ಪ್ಲೀಸ್ ಸೆಂಡ್ ದ ಫೈಲ್" ಸಬ್ಜೆಕ್ಟ್ ಕಾಣದಿದ್ದರೂ ಪೂರ್ತಿ ವಾಕ್ಯವೇ.

ಈ ಗುರುತಿನಿಂದ ಇನ್ನೊಂದು ಲಾಭ ಸಿಕ್ಕಿತು. ಎರಡು ಸುತ್ತು, ಎರಡು ಅಡಿಗೆರೆ, ಎರಡೂ ಒಂಟಿಯಾಗಿ ನಿಲ್ಲಬಲ್ಲ ವಾಕ್ಯಗಳು, ನಡುವೆ ಬರೀ ಕಾಮಾ ಇದ್ದರೆ ತಪ್ಪು ತಕ್ಷಣ ಕಾಣುತ್ತದೆ. ಕಾಮಾದ ಜೊತೆ 'ಅಂಡ್', 'ಬಟ್' ಅಥವಾ 'ಸೋ' ಬೇಕು, ಇಲ್ಲವೇ ಫುಲ್‌ಸ್ಟಾಪ್, ಸೆಮಿಕೋಲನ್. 'ಹೌಎವರ್' ಹಾಕಿ ಪಾರಾಗಲು ನೋಡುವವರು ಜಾಸ್ತಿ. ಅದಕ್ಕೆ ಎರಡು ವಾಕ್ಯ ಬೆಸೆಯುವ ಶಕ್ತಿ ಇಲ್ಲ. "ದ ಕ್ವಾಲಿಟಿ ಆಫ್ ದ ಸ್ಯಾಂಪಲ್ಸ್ ವರ್ ಪೂರ್" ಕೂಡ ಹೀಗೇ ಸಿಕ್ಕಿಬೀಳುತ್ತದೆ. ಸುತ್ತು ಬಿದ್ದಿರುವುದು 'ಕ್ವಾಲಿಟಿ'ಗೆ, ಹಾಗಾಗಿ 'ವಾಸ್'.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಮೊದಲು ಕನ್ನಡದಲ್ಲಿ ಬರೆದು ಇಂಗ್ಲಿಷ್‌ಗೆ ತಂದೆ. ಪೂರ್ತಿ ಕೈಕೊಟ್ಟಿತು. "ಫೈಲ್ ತೆರೆದು, ಓದಿ, ತಿದ್ದಿ, ಕಳಿಸಿದೆ" ಅನ್ನುವುದು ಅಲ್ಲಿ 'ಇಂಗ್'ಗಳ ಸಾಲಾಗಿ ನಿಂತಿತು. ಫೋನ್‌ಗೆ ಓದಲು ಬಿಟ್ಟು ಕೇಳಿಸಿಕೊಂಡೆ. ಬಿಟ್ಟುಹೋದ ಪದ ಸಿಕ್ಕಿತು, ಕಾಮಾ ತಪ್ಪು ಸಿಗಲಿಲ್ಲ. ಕೊನೆಯ ವಾಕ್ಯದಿಂದ ಮೇಲಕ್ಕೆ ಓದುವುದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ಕಥೆಯ ಓಟ ತಪ್ಪುವುದರಿಂದ ಪ್ರತಿ ವಾಕ್ಯ ಒಂಟಿಯಾಗಿ ಕಣ್ಣಿಗೆ ಬೀಳುತ್ತದೆ.

ಶುರುವಿನಲ್ಲಿ ಒಂದು ಪುಟಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಹತ್ತು ಹದಿನೈದು ನಿಮಿಷ ಸಾಕು. ಅಡಿಗೆರೆ ಹಾಕುವುದೂ ಬಹುಪಾಲು ನಿಂತಿದೆ, ಕಣ್ಣೇ ಹಾಕಿಕೊಳ್ಳುತ್ತದೆ. 'ಎ', 'ದ' ಎಲ್ಲಿ ಅನ್ನುವುದಕ್ಕೂ ನನ್ನದೇ ಒಂದು ಗುರುತು ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೂ ನಾಲ್ಕಾರು ತಿಂಗಳು ಉಜ್ಜಿ ನೋಡಬೇಕು.