ಹುಳುವಿನ ರಕ್ತ ಕಪ್ಪಾಗುವ ಮುಂಚೆ

ನಮ್ಮೂರು ಕನಕಪುರದ ಕಡೆ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದರೆ ಅಲ್ಲೂ ಅದೇ ಹುಳು! ಮನೆಯಲ್ಲಿ ಹುಳುವಿಗೆ ರೋಗ ಬರದ ಹಾಗೆ ಕಾಯುತ್ತಿದ್ದೆವು. ಇಲ್ಲಿ ನಾನೇ ಬ್ಯಾಕ್ಟೀರಿಯಾ ಚುಚ್ಚಬೇಕು, ಹುಳು ಅದರ ಜೊತೆ ಹೇಗೆ ಗುದ್ದಾಡುತ್ತದೆ ಅಂತ ನೋಡಬೇಕು. ಫೋನಿನಲ್ಲಿ ಹೇಳಿದಾಗ ಅಮ್ಮ, "ಇದಕ್ಕೆ ಸಂಬಳ ಬೇರೆ ಕೊಡ್ತಾರಾ?" ಅಂದಳು.

ಕೀಟಗಳಿಗೆ ನಮ್ಮ ಹಾಗೆ ಆಂಟಿಬಾಡಿ ಇಲ್ಲ. ಆದರೂ ಸುಮ್ನೆ ಸಾಯುವುದಿಲ್ಲ. ರಕ್ತಕಣಗಳು ರೋಗಾಣುವನ್ನು ನುಂಗುತ್ತವೆ, ದೊಡ್ಡದಾದರೆ ಸುತ್ತಲೂ ಮುತ್ತಿಕೊಳ್ಳುತ್ತವೆ. ಗಾಯವಾದ ಜಾಗ ಕಪ್ಪಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಪ್ರೋಟೀನುಗಳು ತಯಾರಾಗುತ್ತವೆ. ಅಂಥ ಒಂದು ಪ್ರೋಟೀನು ಸಿಕ್ರೋಪಿನ್. ಅದನ್ನು ಸ್ವೀಡನ್ನಿನ ಹಾನ್ಸ್ ಬೊಮಾನ್ ತಂಡ 1981ರಲ್ಲಿ ಪ್ರಕಟಿಸಿತು. ಅವರು ಬಳಸಿದ್ದೂ ಒಂದು ಜಾತಿಯ ಕಾಡು ರೇಷ್ಮೆ ಪತಂಗದ ಗೂಡಿನ ಹುಳುವನ್ನೇ. ಇದನ್ನು ಓದಿದಾಗ ನನಗೆ ಯಾಕೋ ನಮ್ಮ ಮನೆಯವರಿಗೇ ಬಹುಮಾನ ಬಂದಷ್ಟು ಖುಷಿಯಾಯಿತು.

ನನ್ನ ಕೆಲಸದ ಮುಕ್ಕಾಲು ಭಾಗ ರಕ್ತ ತೆಗೆಯುವುದು. ಹುಳುವಿನ ರಕ್ತ ಕೆಂಪಲ್ಲ, ತಿಳಿ ಹಳದಿ. ಐದನೇ, ಅಂದರೆ ಕೊನೆಯ ಹಂತದ ಹುಳುವನ್ನು ಐಸ್ ಮೇಲೆ ಇಟ್ಟರೆ ಸ್ವಲ್ಪ ಹೊತ್ತಿಗೆ ಒದ್ದಾಟ ನಿಲ್ಲಿಸುತ್ತದೆ. 70 ಪರ್ಸೆಂಟ್ ಆಲ್ಕೋಹಾಲಿನಿಂದ ಮೈ ಒರೆಸಿ, ಹೊಟ್ಟೆಯ ಕಾಲೊಂದರ ತುದಿಯನ್ನು ಸಣ್ಣ ಕತ್ತರಿಯಲ್ಲಿ ಚೂರೇ ಕತ್ತರಿಸುತ್ತೇನೆ. ಹುಳುವನ್ನು ಬಿಲ್ಲಿನ ಹಾಗೆ ಬಗ್ಗಿಸಿ ಹಿಡಿದರೆ ತೊಟ್ಟು ತೊಟ್ಟಾಗಿ ಟ್ಯೂಬಿಗೆ ಬೀಳುತ್ತದೆ. ಆಸೆಪಟ್ಟು ಹಿಂಡಿದಿರೋ, ಕರುಳು ಒಡೆದು ಹಸಿರು ರಸ ಬರುತ್ತದೆ. ಹಸಿರು ಕಂಡರೆ ಆ ಟ್ಯೂಬು ಕಸಕ್ಕೆ. ಮೊದಲ ವಾರ ನನ್ನದು ಬರೀ ಹಸಿರೇ.

ಟ್ಯೂಬಿಗೆ ಬಿದ್ದ ಮೇಲೆ ಓಟ ಶುರು. ಗಾಳಿ ತಾಗಿದ ರಕ್ತ ನೋಡನೋಡುತ್ತಾ ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಮಸಿಯಾಗುತ್ತದೆ. ಫಿನಾಲ್‌ಆಕ್ಸಿಡೇಸ್ ಅನ್ನೋ ಎಂಜೈಮಿನ ಕೆಲಸ ಅದು. ಗಾಯ ಮುಚ್ಚುವುದೂ ಅದೇ, ನನ್ನ ಸ್ಯಾಂಪಲ್ ಕೆಡಿಸುವುದೂ ಅದೇ. ಅದನ್ನು ತಡೆಯಲು ಟ್ಯೂಬಿನಲ್ಲಿ ಮೊದಲೇ ನಾಲ್ಕು ಹರಳು ಫಿನೈಲ್‌ಥಯೋಯೂರಿಯಾ ಹಾಕಿಡುತ್ತೇವೆ. ವಿಷ ಅದು, ಗ್ಲೌಸ್ ಮಾಸ್ಕ್ ಇಲ್ಲದೆ ಡಬ್ಬಿ ಮುಟ್ಟುವ ಹಾಗಿಲ್ಲ.

ಈ ಹರಳಿನಿಂದಲೇ ನಾನು ಒಮ್ಮೆ ಕೆಟ್ಟೆ. ಅವತ್ತು ಅಳೆಯಬೇಕಾಗಿದ್ದದ್ದು ಆ ಎಂಜೈಮನ್ನೇ. ಮೂರು ಗುಂಪು, ಒಂದೊಂದರಲ್ಲಿ ಮೂವತ್ತು ಹುಳು. ಒಂದಕ್ಕೆ ಏನೂ ಮಾಡಿಲ್ಲ, ಒಂದಕ್ಕೆ ಬರೀ ಉಪ್ಪುನೀರು, ಇನ್ನೊಂದಕ್ಕೆ ಬಿಸಿಯಲ್ಲಿ ಕೊಂದ ಇ. ಕೋಲೈ ಬ್ಯಾಕ್ಟೀರಿಯಾ. ರಾತ್ರಿಯಿಡೀ ಕೂತು ಸ್ಯಾಂಪಲ್ ತೆಗೆದೆ. ಎಂಜೈಮು ಕೆಲಸ ಮಾಡಿದರೆ ಡೋಪಾ ಅನ್ನೋ ರಾಸಾಯನಿಕದ ಬಣ್ಣ ತಿರುಗಬೇಕು. ಬೆಳಿಗ್ಗೆ ಅದನ್ನು ಹಾಕಿ, ಬಣ್ಣ ಅಳೆಯುವ ಮಷೀನಿನಲ್ಲಿ ಇಟ್ಟರೆ ತಟ್ಟೆಯ ಎಲ್ಲ ಗುಂಡಿಗಳೂ ನೀರಿನ ಹಾಗೆ ತಿಳಿ. ಡೋಪಾ ಹಳೆಯದಿರಬೇಕು ಅಂತ ಹೊಸದು ಕರಗಿಸಿದೆ. ಮಷೀನು ಆರಿಸಿ ಮತ್ತೆ ಹಾಕಿದೆ. ಮಧ್ಯಾಹ್ನ ಮೇಡಂ ಬಂದು ಟ್ಯೂಬುಗಳನ್ನು ಒಮ್ಮೆ ನೋಡಿದರು.

"ಇನ್ನೂ ಹಳದಿನೇ ಇದೆಯಲ್ಲಮ್ಮಾ. ಏನಾದ್ರೂ ಹಾಕಿದ್ಯಾ?"

ಕೈ ಅಭ್ಯಾಸ. ಎಲ್ಲ ಟ್ಯೂಬಿಗೂ ಹರಳು ಹಾಕಿದ್ದೆ. ಯಾವ ಎಂಜೈಮು ಅಳೆಯಬೇಕೋ ಅದರ ಕೈಕಾಲನ್ನೇ ಕಟ್ಟಿಹಾಕಿದ್ದೆ. ತೊಂಬತ್ತು ಹುಳು, ಒಂದು ರಾತ್ರಿ ನಿದ್ದೆ, ಎಲ್ಲ ದಂಡ. ಆ ಪರೀಕ್ಷೆಗೆ ಐಸ್ ಮತ್ತು ಕೈಚಳಕ ಬಿಟ್ಟರೆ ಬೇರೆ ಆಸರೆ ಇಲ್ಲ. ಈಗ ಹರಳು ಹಾಕಿದ ಟ್ಯೂಬಿನ ಮುಚ್ಚಳಕ್ಕೆ ಕೆಂಪು ಗುರುತು ಮಾಡುತ್ತೇನೆ, ಮತ್ತು ಎರಡು ಪರೀಕ್ಷೆಯ ಟ್ಯೂಬುಗಳನ್ನು ಒಂದೇ ಸ್ಟ್ಯಾಂಡಿನಲ್ಲಿ ಇಡುವುದಿಲ್ಲ.

ಉಪ್ಪುನೀರು ಯಾಕೆ ಚುಚ್ಚಬೇಕು ಅಂತ ಹೊಸಬರು ಕೇಳುತ್ತಾರೆ. ಸೂಜಿ ಚುಚ್ಚಿದ್ದೇ ಒಂದು ಗಾಯ ಅಲ್ವಾ? ಅಷ್ಟಕ್ಕೇ ಹುಳು ಎಚ್ಚೆತ್ತುಕೊಳ್ಳುತ್ತದೆ. ಸೂಜಿಗೆ ಎಷ್ಟು, ಬ್ಯಾಕ್ಟೀರಿಯಾಗೆ ಎಷ್ಟು ಅಂತ ಬೇರೆ ಮಾಡಲು ಅದು ಬೇಕು. ಸೂಜಿಯನ್ನು ಹುಳುವಿನ ಮೈಯ ಎರಡು ಉಂಗುರಗಳ ನಡುವೆ, ಚರ್ಮಕ್ಕೆ ಓರೆಯಾಗಿ ಹಿಡಿಯಬೇಕು. ನೇರ ಚುಚ್ಚಿದರೆ ಕರುಳಿಗೆ ಹೋಗುತ್ತದೆ.

ನಿಜ ಹೇಳಬೇಕೆಂದರೆ, ಏನೂ ಮಾಡದ ಗುಂಪನ್ನು ಕಾಯುವುದೇ ಜಾಸ್ತಿ ಕಷ್ಟ. ಸೊಪ್ಪು ಒದ್ದೆಯಿದ್ದರೆ, ಪಕ್ಕದ ತೋಟದಲ್ಲಿ ಔಷಧಿ ಹೊಡೆದಿದ್ದರೆ, ರೂಮಿನ ಬಿಸಿ ಏರಿದರೆ ಲೆಕ್ಕವೆಲ್ಲ ತಲೆಕೆಳಗು. ಸೊಳ್ಳೆಯ ಲಿಕ್ವಿಡ್ ಹಾಕಿದ ಕೋಣೆಯಿಂದ ಬಂದರೆ ನಾನು ಬಟ್ಟೆ ಬದಲಿಸದೆ ಹುಳುವಿನ ರೂಮಿಗೆ ಹೋಗುವುದಿಲ್ಲ. ಸಿಗರೇಟು ಸೇದುವವರಿಗೆ ಒಳಗೆ ಪ್ರವೇಶವೇ ಇಲ್ಲ. ಊರಿನಲ್ಲಿ ಹೊಗೆಸೊಪ್ಪು ಜಗಿಯುವ ಮಾವನನ್ನು ಅಮ್ಮ ಹುಳುಮನೆ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಆಗ ಅದು ಮಡಿ ಅಂದುಕೊಂಡಿದ್ದೆ. ನಿಕೋಟಿನ್ ಹುಳುವಿಗೆ ವಿಷ ಅಂತ ಲ್ಯಾಬಿಗೆ ಬಂದ ಮೇಲೆ ತಿಳಿಯಿತು.

ಹುಳುಗಳ ವಯಸ್ಸೂ ಒಂದೇ ಇರಬೇಕು. ಪೊರೆ ಬಿಡುವ ಹೊತ್ತಿಗೆ ರಕ್ತಕಣಗಳ ಲೆಕ್ಕ ಬದಲಾಗುತ್ತದೆ. ಹಾಗಾಗಿ ನಾಲ್ಕನೇ ಜ್ವರ ಎದ್ದ ದಿನದಿಂದ ಎಣಿಸಿ, ಮೂರನೇ ದಿನದ ಹುಳುಗಳನ್ನೇ ಆರಿಸುತ್ತೇನೆ. ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅಂತಲೇ ಹೇಳೋದು. ದೆಹಲಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಇದನ್ನು ಕೇಳಿ, ಹುಳುವಿನ ಪಕ್ಕ ಥರ್ಮಾಮೀಟರ್ ಇಟ್ಟು ಕೂತಿದ್ದಳು.

ನನಗೆ ಇಷ್ಟವಾದ ಕೆಲಸ ಮೈಕ್ರೋಸ್ಕೋಪಿನದ್ದು. ಹುಳುವಿನ ರಕ್ತದಲ್ಲಿ ಐದು ಬಗೆಯ ಕಣಗಳಿವೆ. ಒಂದಂತೂ ಒಳಗೆಲ್ಲ ಗುಂಡುಗುಂಡಾಗಿ ತುಂಬಿಕೊಂಡು ಥೇಟ್ ಹಿಪ್ಪುನೇರಳೆ ಹಣ್ಣು. ಇನ್ನೊಂದು ಗಾಜಿಗೆ ಅಂಟಿ ಚಪ್ಪಟೆಯಾಗಿ ಕಾಲು ಚಾಚುತ್ತದೆ. ಎಣಿಸುವ ಗಾಜಿನ ನಾಲ್ಕು ಮೂಲೆ ಚೌಕಗಳನ್ನು ಎಣಿಸಿ, ಸರಾಸರಿಯನ್ನು 10,000ದಿಂದ ಗುಣಿಸಿ, ಎಷ್ಟು ಪಟ್ಟು ತೆಳು ಮಾಡಿದ್ದೆವೋ ಅದರಿಂದಲೂ ಗುಣಿಸಿದರೆ ಒಂದು ಮಿಲಿಲೀಟರಿನ ಲೆಕ್ಕ ಸಿಗುತ್ತದೆ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿಂದ.

ಹೋದ ಚಳಿಗಾಲ ಊರಿನ ಬೆಳೆಗೆ ಸುಣ್ಣಕಟ್ಟು ಬಂತು. ಶಿಲೀಂಧ್ರದ ರೋಗ. ಚರ್ಮದಿಂದಲೇ ಒಳಗೆ ಹೋಗುತ್ತದೆ, ಸತ್ತ ಹುಳು ಬೆಳ್ಳಗಾದರೆ ಆ ಪುಡಿಯೇ ಉಳಿದ ಹುಳುಗಳಿಗೆ ಅಂಟುತ್ತದೆ. ನಾನು ಗಾಬರಿಯಿಂದ ಫೋನ್ ಮಾಡಿ ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ.

"ಬೆಳ್ಳಗಾಗೋಕ್ಮುಂಚೆನೇ ಆರಿಸಿ ಸುಟ್ಟಾಯ್ತು ಕಣೇ," ಅಂದಳು ಅಮ್ಮ. "ಹಾಸಿಗೆಗೆ ಸುಣ್ಣಾನೂ ಹಾಕಿದೀನಿ. ನೀನು ಊಟ ಮಾಡಿದ್ಯಾ?"