ಫಾಲ್ಸ್ ಸೀಲಿಂಗ್ ಮುಚ್ಚುವ ಮುಂಚೆ: ಎಲ್‌ಇಡಿ ಸ್ಟ್ರಿಪ್, ಡಿಮ್ಮರ್ ಪ್ಲಾನ್ ಮಾಡುವುದು ಹೇಗೆ?

ಬೆಂಗಳೂರಿನ ಹೊಸ ಫ್ಲ್ಯಾಟ್‌ಗಳಲ್ಲಿ ಈಗ ಫಾಲ್ಸ್ ಸೀಲಿಂಗ್ ಅಂದರೆ ಅದರ ಅಂಚಿನಲ್ಲಿ ಸ್ಟ್ರಿಪ್ ಲೈಟ್ ಇರಲೇಬೇಕು. ತುಂಬಾ ಜನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಗೆ ಹೋಗಿ ಮೊದಲು ಸ್ಟ್ರಿಪ್ ತರುತ್ತಾರೆ. ಡ್ರೈವರ್ (ಮನೆಯ 230 ವೋಲ್ಟ್ ಕರೆಂಟನ್ನು ಸ್ಟ್ರಿಪ್‌ಗೆ ಬೇಕಾದಷ್ಟು ವೋಲ್ಟ್‌ಗೆ ಇಳಿಸುವ ಪೆಟ್ಟಿಗೆ) ಎಲ್ಲಿ ಇಡುವುದು, ಬೆಳಕು ಏರಿಸಿ ಇಳಿಸುವ ಡಿಮ್ಮರ್ ಯಾವುದು ಅನ್ನುವ ಯೋಚನೆ ಆಮೇಲೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಟ್ರಿಪ್ ಕೊನೆಗೆ ಬಂದರೂ ನಡೆಯುತ್ತದೆ. ಡ್ರೈವರ್ ಜಾಗ, ಡಿಮ್ಮಿಂಗ್ ವಿಧಾನ ಎರಡೂ ಜಿಪ್ಸಮ್ ಬೋರ್ಡ್ ಹೊಡೆಯುವ ಮುಂಚೆಯೇ ತೀರ್ಮಾನವಾಗಿರಬೇಕು.

ಮೊದಲು ಟೇಪ್ ಹಿಡಿದು ಅಳತೆ ತಗೊಳ್ಳಿ. ಸೀಲಿಂಗ್ ಅಂಚಿನಲ್ಲಿ ಸ್ಟ್ರಿಪ್ ಕೂರುವ ತೋಡಿಗೆ ಕೋವ್ ಅನ್ನುತ್ತಾರೆ. 12 ಅಡಿ ಉದ್ದ, 10 ಅಡಿ ಅಗಲದ ಕೋವ್ ಆದರೆ ಸುತ್ತಳತೆ 44 ಅಡಿ, ಅಂದರೆ ಸುಮಾರು 13.4 ಮೀಟರ್. ಸ್ಟ್ರಿಪ್ ಸಾಮಾನ್ಯವಾಗಿ 5 ಮೀಟರ್ ರೋಲ್‌ನಲ್ಲಿ ಸಿಗುವುದರಿಂದ ಮೂರು ರೋಲ್ ಬೇಕು. ಮೂರನ್ನೂ ಒಂದೇ ಸಲ, ಒಂದೇ ಬ್ಯಾಚ್ ನೋಡಿ ತಗೊಳ್ಳಿ. ಬ್ಯಾಚ್ ಬೇರೆಯಾದರೆ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರಬಹುದು. ಬಿಳಿ ಸೀಲಿಂಗ್ ಮೇಲೆ ಅದು ಎದ್ದು ಕಾಣುತ್ತದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: ಅಂಕಿ ಕಮ್ಮಿಯಾದರೆ ಹಳದಿ ಛಾಯೆ, ಜಾಸ್ತಿಯಾದರೆ ನೀಲಿ ಛಾಯೆಯ ಬಿಳಿ. ಹಾಲ್, ಬೆಡ್‌ರೂಮಿಗೆ 2700ರಿಂದ 3000 ಕೆಲ್ವಿನ್, ಅಡುಗೆಮನೆಗೆ 4000 ಕೆಲ್ವಿನ್ ಚೆನ್ನಾಗಿರುತ್ತದೆ. 6500 ಕೆಲ್ವಿನ್ ಹಾಕಿದರೆ ಹಾಲ್ ಮೆಡಿಕಲ್ ಶಾಪ್ ಥರ ಕಾಣುತ್ತದೆ.

ಇನ್ನು ವೋಲ್ಟೇಜ್. 12 ವೋಲ್ಟ್, 24 ವೋಲ್ಟ್ ಎರಡೂ ಸಿಗುತ್ತವೆ. ಕೋವ್‌ಗೆ 24 ವೋಲ್ಟ್ ಸ್ಟ್ರಿಪ್ಪೇ ಸರಿ. ಅಷ್ಟೇ ವ್ಯಾಟಿಗೆ ಕರೆಂಟ್ ಅರ್ಧ ಸಾಕು, ಹಾಗಾಗಿ ಸ್ಟ್ರಿಪ್‌ನ ತುದಿಯಲ್ಲಿ ಬೆಳಕು ಮಂಕಾಗುವುದು ಕಮ್ಮಿ. ಹಾಗಂತ 13 ಮೀಟರನ್ನೂ ಒಂದರ ಬಾಲಕ್ಕೆ ಒಂದು ಜೋಡಿಸಬೇಡಿ. ಸುಮಾರು ನಾಲ್ಕೂವರೆ ಮೀಟರಿನ ಮೂರು ತುಂಡು ಮಾಡಿ, ಪ್ರತಿಯೊಂದಕ್ಕೂ ಬೇರೆ ವೈರ್ ಎಳೆಸಿ. ಕತ್ತರಿಸುವಾಗ ಸ್ಟ್ರಿಪ್ ಮೇಲೆ ಅಚ್ಚಾಗಿರುವ ಗೆರೆಯಲ್ಲೇ ಕತ್ತರಿಸಬೇಕು. ಜಾಯಿಂಟ್‌ಗೆ ಕ್ಲಿಪ್‌ಗಿಂತ ಸೋಲ್ಡರ್ ಗಟ್ಟಿ.

ಡ್ರೈವರ್ ಲೆಕ್ಕ ಸುಲಭ. ಮೀಟರಿಗೆ 10 ವ್ಯಾಟ್ ಸ್ಟ್ರಿಪ್ ಆದರೆ 13.4 ಮೀಟರಿಗೆ 134 ವ್ಯಾಟ್. ಡ್ರೈವರ್ ಮೇಲೆ ಶೇ 80ಕ್ಕಿಂತ ಜಾಸ್ತಿ ಲೋಡ್ ಹಾಕದಿದ್ದರೆ ಒಳ್ಳೆಯದು. ಹಾಗಾಗಿ 150 ಸಾಲದು, 200 ವ್ಯಾಟ್ ಡ್ರೈವರ್ ತಗೊಳ್ಳಿ. ಅದು ಬಿಸಿಯಾಗುವ ವಸ್ತು, ಒಂದಲ್ಲ ಒಂದು ದಿನ ಕೆಡುತ್ತದೆ. ಸೀಲಿಂಗ್ ಒಳಗೆ ಹೂತುಬಿಟ್ಟರೆ ಅವತ್ತು ಬೋರ್ಡ್ ಒಡೆಯಬೇಕಾಗುತ್ತದೆ. ಲಾಫ್ಟ್‌ನಲ್ಲಿ, ಟಿವಿ ಯೂನಿಟ್ ಹಿಂದೆ ಅಥವಾ ವಾರ್ಡ್‌ರೋಬ್ ಮೇಲೆ, ಕೈ ಹೋಗುವ, ಗಾಳಿಯಾಡುವ ಜಾಗ ನೋಡಿ. ಸೀಲಿಂಗ್‌ನಲ್ಲೇ ಇಡಬೇಕಾದರೆ ತೆಗೆದು ಮತ್ತೆ ಹಾಕಬಹುದಾದ ಮುಚ್ಚಳ ಮಾಡಿಸಿ.

ಎಲ್ಲರೂ ಎಡವುವುದು ಡಿಮ್ಮಿಂಗ್‌ನಲ್ಲಿ. ಫ್ಯಾನ್ ರೆಗ್ಯುಲೇಟರ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಡ್ರೈವರ್‌ನ ಕೆಲಸವೇ ಒಳಗೆ ಬರುವ ವೋಲ್ಟೇಜ್ ಏರಿಳಿದರೂ 24 ವೋಲ್ಟ್ ಹೊರಗೆ ಕೊಡುವುದು. 230 ವೋಲ್ಟ್ ಕಡೆ ತಗ್ಗಿಸಿದರೆ ಬೆಳಕು ಮಿಟುಕುತ್ತದೆ, ಡ್ರೈವರ್ ಹಾಳಾಗುತ್ತದೆ. ಗೋಡೆಯ ಸ್ವಿಚ್‌ಬೋರ್ಡ್‌ನಲ್ಲೇ ಡಿಮ್ಮರ್ ಬೇಕಿದ್ದರೆ, ಅಂಥ ಡಿಮ್ಮರ್‌ಗೆಂದೇ ಮಾಡಿದ ಡಿಮ್ಮಬಲ್ ಡ್ರೈವರ್ ತರಬೇಕು. ಅದರ ಮೇಲೆ ಹಾಗಂತ ಬರೆದಿರುತ್ತದೆ.

ಮನೆಗಳಿಗೆ ನನಗೆ ಸರಿಯೆನಿಸುವುದು ಇನ್ನೊಂದು ದಾರಿ: ಮಾಮೂಲಿ ಡ್ರೈವರ್, ಅದರ ನಂತರ 24 ವೋಲ್ಟ್ ಕಡೆ ಪಿಡಬ್ಲ್ಯುಎಂ ಕಂಟ್ರೋಲರ್, ಆಮೇಲೆ ಸ್ಟ್ರಿಪ್. ಕಂಟ್ರೋಲರ್ ಬೆಳಕನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹಚ್ಚಿ ಆರಿಸುತ್ತದೆ. ಆರಿರುವ ಹೊತ್ತು ಹೆಚ್ಚಾದಷ್ಟೂ ಕಣ್ಣಿಗೆ ಮಂದ ಕಾಣುತ್ತದೆ. ನಮ್ಮ ಲೆಕ್ಕದಲ್ಲಿ ಹರಿಯುವುದು 5.6 ಆಂಪ್ಸ್, ಆದ್ದರಿಂದ 10 ಆಂಪ್ಸ್ ತಡೆಯುವ ಕಂಟ್ರೋಲರ್ ನೋಡಿ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಬೆಳಕನ್ನು ಪೂರ್ತಿ ಇಳಿಸಿ, ಮೊಬೈಲ್ ಕ್ಯಾಮೆರಾದ ಸ್ಲೋ ಮೋಷನ್‌ನಲ್ಲಿ ನೋಡಿ. ಕಪ್ಪು ಪಟ್ಟಿಗಳು ದಪ್ಪಗೆ ಓಡಾಡಿದರೆ, ಬೆಳಕು ಮಿಟುಕಿದರೆ ಅದನ್ನು ಬಿಟ್ಟು ಬೇರೆ ಕೇಳಿ. ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು. ಪ್ಲಗ್ ಕಿತ್ತು ಮತ್ತೆ ಹಾಕಿಸಿ. ಕೆಲವು ಕಂಟ್ರೋಲರ್ ಫುಲ್ ಬ್ರೈಟ್ ಆಗಿ ತಾನೇ ಹೊತ್ತಿಕೊಳ್ಳುತ್ತವೆ. ರಾತ್ರಿ ಎರಡು ಗಂಟೆಗೆ ಪವರ್ ಕಟ್ ಮುಗಿದಾಗ ಬೆಡ್‌ರೂಮಿನಲ್ಲಿ ಅದು ನಿಜಕ್ಕೂ ಕಷ್ಟ. ವೈಫೈ ಇರುವಂಥದ್ದಾದರೆ ಗೋಡೆಯ ಮೇಲೆ ಒಂದು ಸ್ವಿಚ್ ಇರಲೇಬೇಕು. ಮನೆಯ ಹಿರಿಯರು ದೀಪ ಹಚ್ಚಲು ಆ್ಯಪ್ ಹುಡುಕುವಂತಾಗಬಾರದು.

ಅಡುಗೆಮನೆಯ ಕಪಾಟಿನ ಕೆಳಗೆ ಹಾಕುವವರು ಸ್ಲ್ಯಾಬ್ ನೋಡಿಕೊಳ್ಳಿ. ಪಾಲಿಶ್ ಆದ ಕಪ್ಪು ಗ್ರಾನೈಟ್‌ನಲ್ಲಿ ಒಂದೊಂದು ಎಲ್‌ಇಡಿಯೂ ಚುಕ್ಕಿಯಾಗಿ ಕಾಣುತ್ತದೆ. ಅಲ್ಲಿ ಸಿಓಬಿ ಸ್ಟ್ರಿಪ್ಪನ್ನು (ಎಲ್‌ಇಡಿಗಳು ಒತ್ತೊತ್ತಾಗಿದ್ದು ಬೆಳಕು ಒಂದೇ ಗೆರೆಯಂತೆ ಕಾಣುವ ಸ್ಟ್ರಿಪ್) ಹಾಲುಬಿಳಿ ಮುಚ್ಚಳದ ಅಲ್ಯೂಮಿನಿಯಂ ಪ್ರೊಫೈಲ್ ಒಳಗೆ ಕೂರಿಸಿ. ಬಿಸಿಯೂ ಇಳಿಯುತ್ತದೆ, ಒಗ್ಗರಣೆ ಜಿಡ್ಡು ಒರೆಸುವುದೂ ಸುಲಭ.

230 ವೋಲ್ಟ್ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ, ಡ್ರೈವರ್‌ಗೆ ಅರ್ಥಿಂಗ್ ಕೊಡಿಸಿ. ಪೇಂಟಿಂಗ್ ಮುಗಿದ ಮೇಲೆ ಸ್ಟ್ರಿಪ್ ಅಂಟಿಸಿ, ಒಂದು ಸಂಜೆ ಪೂರ್ತಿ ಉರಿಸಿ ನೋಡಿ. ಉಳಿದ ತುಂಡು, ಬಿಲ್ಲು, ವೈರಿಂಗ್ ಫೋಟೊ ಮೂರನ್ನೂ ಎತ್ತಿಡಿ. ಮುಂದೆ ರಿಪೇರಿ ಬಂದಾಗ ಅದೇ ಬಣ್ಣ ಹುಡುಕಲು ಅಂಗಡಿಯವರು ಕೇಳುವುದು ಆ ತುಂಡನ್ನೇ.