ಕ್ಯಾಂಪಸ್ ಪೊಲೀಸ್ ಗಸ್ತಿನ ಮುಖ್ಯಸ್ಥರು: ಕ್ಯಾಲಿಫೋರ್ನಿಯಾದಲ್ಲಿ ಅವರ ಅಧಿಕಾರ, ಹೊಣೆ ಮತ್ತು ಅರ್ಹತೆ

ಮಾನಸಗಂಗೋತ್ರಿಯಲ್ಲೋ ಜ್ಞಾನಭಾರತಿಯಲ್ಲೋ ಓದಿ ಬಂದವರಿಗೆ ವಿಶ್ವವಿದ್ಯಾಲಯದ ಕಾವಲು ಎಂದರೆ ಗೇಟಿನ ಬಳಿ ಕುಳಿತ ಸೆಕ್ಯುರಿಟಿ ಸಿಬ್ಬಂದಿ. ಪೊಲೀಸರು ಏನಿದ್ದರೂ ನಗರದ ಠಾಣೆಯಿಂದ ಬರಬೇಕಾದವರು. ಅದೇ ಎಣಿಕೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬರುವ ವಿದ್ಯಾರ್ಥಿಗಳು ಕ್ಯಾಂಪಸ್ ಪೊಲೀಸರನ್ನು ಕಾವಲುಗಾರರೆಂದೇ ತಿಳಿಯುವುದುಂಟು. ಆದರೆ ಬರ್ಕ್ಲಿ, ಡೇವಿಸ್, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊ ಸೇರಿದಂತೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ 10 ಕ್ಯಾಂಪಸ್‌ಗಳಲ್ಲಿಯೂ ವಿಶ್ವವಿದ್ಯಾಲಯದ್ದೇ ಆದ ಪೊಲೀಸ್ ಇಲಾಖೆಯಿದ್ದು, ಅಲ್ಲಿನ ಅಧಿಕಾರಿಗಳಿಗೆ ರಾಜ್ಯದ ದಂಡಸಂಹಿತೆಯೇ ಬಂಧನ, ತಪಾಸಣೆ ಮತ್ತು ತನಿಖೆಯ ಪೂರ್ಣ ಅಧಿಕಾರ ಕೊಟ್ಟಿದೆ. ಕ್ಯಾಂಪಸ್ಸಿನ ಗಡಿಯಾಚೆಗಿನ ಒಂದು ಮೈಲಿಯವರೆಗಿನ ಪ್ರದೇಶವೂ ಅವರ ವ್ಯಾಪ್ತಿಗೆ ಬರುವುದರಿಂದ, ನೀವು ಹೊರಗೆ ಬಾಡಿಗೆಗೆ ಹಿಡಿದ ಮನೆಯ ಮುಂದೆಯೂ ಅವರ ವಾಹನ ನಿಲ್ಲಬಹುದು. ಖಾಸಗಿ ವಿಶ್ವವಿದ್ಯಾಲಯಗಳ ವ್ಯವಸ್ಥೆ ಬೇರೆ. ಸ್ಟ್ಯಾನ್‌ಫರ್ಡ್‌ನ ಅಧಿಕಾರಿಗಳು ಸಾಂಟಾ ಕ್ಲಾರಾ ಕೌಂಟಿಯ (ಜಿಲ್ಲೆಯಂತಹ ಆಡಳಿತ ಘಟಕ) ಪೊಲೀಸ್ ಮುಖ್ಯಸ್ಥರಾದ ಶೆರಿಫ್ ಜೊತೆಗಿನ ಒಪ್ಪಂದದ ಮೂಲಕ ತಮ್ಮ ಅಧಿಕಾರವನ್ನು ಪಡೆಯುತ್ತಾರೆ.

ಇಂತಹ ಇಲಾಖೆಯ ತುದಿಯಲ್ಲಿ ಚೀಫ್ ಇರುತ್ತಾರೆ. ಆದರೆ ಅವರು ಬಹುಪಾಲು ಆಡಳಿತದ ಸಭೆಗಳಲ್ಲಿ ಕಾಣಸಿಗುವವರು. ರಾತ್ರಿ ಎರಡು ಗಂಟೆಗೆ ಹಾಸ್ಟೆಲಿನಿಂದ ಕರೆ ಬಂದಾಗ ಎಷ್ಟು ಜನರನ್ನು ಕಳುಹಿಸಬೇಕು, ನಗರ ಪೊಲೀಸರ ನೆರವು ಕೇಳಬೇಕೆ, ಬಾಗಿಲು ಒಡೆಯಬೇಕೆ ಅಥವಾ ಕಾದು ಮಾತನಾಡಬೇಕೆ ಎಂಬ ತೀರ್ಮಾನ ಗಸ್ತಿನ ಹೊಣೆ ಹೊತ್ತವರದು. ಸಾಮಾನ್ಯವಾಗಿ ಇವರು ಲೆಫ್ಟಿನೆಂಟ್ ದರ್ಜೆಯವರು. ದೊಡ್ಡ ಇಲಾಖೆಗಳಲ್ಲಿ ಕ್ಯಾಪ್ಟನ್ ಇರಬಹುದು, ರಾತ್ರಿ ಪಾಳಿಯಲ್ಲಿ ಸಾರ್ಜೆಂಟ್ ಒಬ್ಬರೇ ಆ ಜಾಗದಲ್ಲಿ ನಿಂತಿರಬಹುದು. ಪಾಳಿಗಳ ಹಂಚಿಕೆ, ಕೆಳಗಿನವರ ವರದಿಗಳ ಪರಿಶೀಲನೆ, ಬಲಪ್ರಯೋಗ ನಡೆದ ಪ್ರತಿ ಪ್ರಕರಣದ ವಿಮರ್ಶೆ, ಫುಟ್‌ಬಾಲ್ ಪಂದ್ಯ ಮತ್ತು ಪದವಿ ಪ್ರದಾನದ ಬಂದೋಬಸ್ತು ಇವರ ದಿನನಿತ್ಯದ ಕೆಲಸ.

ಇದರ ಮೇಲೆ ಕ್ಲೆರಿ ಕಾಯಿದೆಯ ಭಾರವಿದೆ. 1986ರಲ್ಲಿ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಕೊಲೆಯಾದ ಜೀನ್ ಕ್ಲೆರಿಯ ತಂದೆತಾಯಿ ನಡೆಸಿದ ಹೋರಾಟದ ಫಲವಾಗಿ 1990ರಲ್ಲಿ ಬಂದ ಈ ಕೇಂದ್ರ ಕಾನೂನಿನ ಪ್ರಕಾರ, ಕ್ಯಾಂಪಸ್ ಪೊಲೀಸರು ಅಪರಾಧಗಳ ದಿನಚರಿಯನ್ನು ಯಾರು ಕೇಳಿದರೂ ತೋರಿಸಬೇಕು, ಅಪಾಯ ಮುಂದುವರಿಯುವಂತಿದ್ದರೆ ತಡಮಾಡದೆ ಎಲ್ಲರಿಗೂ ಎಚ್ಚರಿಕೆ ಕಳುಹಿಸಬೇಕು. ವಿಶ್ವವಿದ್ಯಾಲಯವು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಅಂಕಿಅಂಶಗಳ ವರದಿ ಪ್ರಕಟಿಸಬೇಕು. ಮಗಳನ್ನು ಯಾವ ವಿಶ್ವವಿದ್ಯಾಲಯಕ್ಕೆ ಸೇರಿಸುವುದೆಂದು ಲೆಕ್ಕ ಹಾಕುವ ತಂದೆತಾಯಿ ರ‍್ಯಾಂಕಿಂಗ್ ಪಟ್ಟಿಗಳನ್ನು ತಿರುವಿಹಾಕುವಷ್ಟೇ ಶ್ರದ್ಧೆಯಿಂದ ಈ ವರದಿಯನ್ನೂ ಓದಿದರೆ ಒಳ್ಳೆಯದು. ಸಂಖ್ಯೆ ಹೆಚ್ಚಿದೆಯೆಂದ ಮಾತ್ರಕ್ಕೆ ಆ ಕ್ಯಾಂಪಸ್ ಅಪಾಯಕಾರಿ ಎಂದಲ್ಲ. ಅಲ್ಲಿ ದೂರು ಕೊಡಲು ವಿದ್ಯಾರ್ಥಿಗಳಿಗೆ ಧೈರ್ಯವಿದೆ ಎಂಬ ಅರ್ಥವೂ ಇರಬಹುದು.

ಈ ಹುದ್ದೆಯ ನಿಜವಾದ ಕಷ್ಟ ಎರಡು ಯಜಮಾನಿಕೆಗಳ ನಡುವೆ ನಿಲ್ಲುವುದರಲ್ಲಿದೆ. ಸಂಬಳ ಕೊಡುವುದು ವಿಶ್ವವಿದ್ಯಾಲಯ, ಅಧಿಕಾರ ಕೊಡುವುದು ರಾಜ್ಯದ ಕಾನೂನು. ಇವೆರಡೂ ಹೊಂದಿಕೆಯಾಗದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಡೇವಿಸ್ ಕ್ಯಾಂಪಸ್ಸಿನ 2011ರ ನವೆಂಬರ್ 18ರ ಘಟನೆ ಸಾಕ್ಷಿ. ಪ್ರತಿಭಟನೆಯ ಗುಡಾರಗಳನ್ನು ತೆರವುಗೊಳಿಸಲು ಹೋದ ಪೊಲೀಸರ ಪೈಕಿ ಲೆಫ್ಟಿನೆಂಟ್ ಒಬ್ಬರು, ತೋಳಿಗೆ ತೋಳು ಹೆಣೆದು ನೆಲದಲ್ಲಿ ಕುಳಿತಿದ್ದ ವಿದ್ಯಾರ್ಥಿಗಳ ಮುಖಕ್ಕೆ ಪೆಪ್ಪರ್ ಸ್ಪ್ರೇ ಸಿಂಪಡಿಸಿದ ದೃಶ್ಯ ಜಗತ್ತಿನೆಲ್ಲೆಡೆ ಹರಡಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮಾಜಿ ನ್ಯಾಯಮೂರ್ತಿ ಕ್ರೂಸ್ ರೆನೊಸೊ ಅವರ ನೇತೃತ್ವದ ತನಿಖಾ ತಂಡ 2012ರ ಏಪ್ರಿಲ್‌ನಲ್ಲಿ ಕೊಟ್ಟ ವರದಿ, ಬಳಸಿದ ಸ್ಪ್ರೇ ಮಾದರಿಗೆ ಇಲಾಖೆಯ ಅನುಮತಿಯೇ ಇರಲಿಲ್ಲವೆಂದೂ, ರಾತ್ರಿ ಅಥವಾ ಮುಂಜಾನೆಯ ಬದಲು ಮಧ್ಯಾಹ್ನವೇ ಪೊಲೀಸರನ್ನು ಕಳುಹಿಸಿದ ತೀರ್ಮಾನದ ಮುಖ್ಯ ಹೊಣೆ ಕ್ಯಾಂಪಸ್ಸಿನ ಆಡಳಿತ ಮುಖ್ಯಸ್ಥರಾದ ಚಾನ್ಸೆಲರ್ ಅವರದೆಂದೂ ಹೇಳಿತು. ಚೀಫ್ ರಾಜೀನಾಮೆ ಕೊಟ್ಟರು, ಲೆಫ್ಟಿನೆಂಟ್ ಕೆಲಸ ಕಳೆದುಕೊಂಡರು, ವಿಶ್ವವಿದ್ಯಾಲಯ ಸುಮಾರು 10 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ನನ್ನ ದೃಷ್ಟಿಯಲ್ಲಿ ಈ ಹುದ್ದೆಗೆ ಬೇಕಾದ ಮೊದಲ ಅರ್ಹತೆ, ಮೇಲಿನವರ ಆದೇಶ ಕಾರ್ಯಸಾಧ್ಯವಲ್ಲದಿದ್ದಾಗ ಅದನ್ನು ಅವರ ಎದುರಿಗೇ ಹೇಳುವ ಗಟ್ಟಿತನ. ಅದನ್ನು ಅಳೆಯುವ ಪರೀಕ್ಷೆ ಮಾತ್ರ ಯಾವ ನೇಮಕಾತಿಯಲ್ಲಿಯೂ ಇಲ್ಲ.

ಕಾಗದದ ಮೇಲಿನ ಅರ್ಹತೆಗಳು ಹೀಗಿವೆ. ಯಾರೂ ನೇರವಾಗಿ ಲೆಫ್ಟಿನೆಂಟ್ ಆಗಿ ಪೊಲೀಸ್ ವೃತ್ತಿಗೆ ಕಾಲಿಡುವುದಿಲ್ಲ. ನಮ್ಮಲ್ಲಿ ಪರೀಕ್ಷೆ ಬರೆದು ನೇರವಾಗಿ ಸಬ್ ಇನ್‌ಸ್ಪೆಕ್ಟರ್ ಆಗುವಂತಹ ದಾರಿ ಇಲ್ಲಿಲ್ಲ, ಎಲ್ಲರೂ ಕೆಳಗಿನ ಮೆಟ್ಟಿಲಿನಿಂದಲೇ ಹತ್ತಬೇಕು. 21 ವರ್ಷ ತುಂಬಿರಬೇಕು, ಹೈಸ್ಕೂಲ್ ಮುಗಿದಿರಬೇಕು, ಬೆರಳಚ್ಚು, ಹಿನ್ನೆಲೆ ಪರಿಶೀಲನೆ, ವೈದ್ಯಕೀಯ ಮತ್ತು ಮಾನಸಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಆಮೇಲೆ ಪೊಲೀಸರ ಅರ್ಹತೆ ಮತ್ತು ತರಬೇತಿಯ ಮಟ್ಟವನ್ನು ಗೊತ್ತುಮಾಡುವ ರಾಜ್ಯದ ‘ಪೋಸ್ಟ್’ (POST) ಆಯೋಗ ನಿಗದಿಪಡಿಸಿದ ಕನಿಷ್ಠ 664 ಗಂಟೆಗಳ ಅಕಾಡೆಮಿ ತರಬೇತಿ, ಅನಂತರ ಅನುಭವಿ ಅಧಿಕಾರಿಯ ಜೊತೆ ಗಸ್ತು ತಿರುಗುವ ಕ್ಷೇತ್ರ ತರಬೇತಿ. ಸಾರ್ಜೆಂಟ್ ಆದವರು 80 ಗಂಟೆಗಳ ಮೇಲ್ವಿಚಾರಣಾ ಕೋರ್ಸನ್ನೂ ಲೆಫ್ಟಿನೆಂಟ್ ಆದವರು ಮ್ಯಾನೇಜ್‌ಮೆಂಟ್ ಕೋರ್ಸನ್ನೂ ಮುಗಿಸಬೇಕು. ಬಡ್ತಿಗೆ ಪದವಿ ಕೇಳುವ ಇಲಾಖೆಗಳು ಬಹಳ.

ಪೌರತ್ವದ ಪ್ರಶ್ನೆ ನಮ್ಮವರಿಗೆ ಮುಖ್ಯ. 2023ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಅಧಿಕಾರಿಗೆ ಪೌರತ್ವ ಕಡ್ಡಾಯವಲ್ಲ, ಕೆಲಸ ಮಾಡಲು ಕೇಂದ್ರ ಕಾನೂನಿನ ಅನುಮತಿ ಇದ್ದರೆ ಸಾಕು. ಆದರೂ ಬಂದೂಕು ಹೊಂದುವ ವಿಚಾರದಲ್ಲಿ ತಾತ್ಕಾಲಿಕ ವೀಸಾದವರ ಮೇಲೆ ಕೇಂದ್ರ ಕಾನೂನಿನ ನಿರ್ಬಂಧಗಳಿರುವುದರಿಂದ, ಇದು ಗ್ರೀನ್ ಕಾರ್ಡ್ ಇರುವವರಿಗೂ ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ತೆರೆದಿರುವ ದಾರಿ ಎಂದು ತಿಳಿಯುವುದೇ ವಾಸ್ತವ. ಎಫ್-1 ವೀಸಾದ ವಿದ್ಯಾರ್ಥಿಗಳು ಇಲಾಖೆಯನ್ನು ಹತ್ತಿರದಿಂದ ನೋಡಬೇಕೆಂದರೆ, ರಾತ್ರಿ ಹೊತ್ತು ಸಹಪಾಠಿಗಳನ್ನು ಮನೆಯವರೆಗೆ ತಲುಪಿಸುವ ಕಮ್ಯುನಿಟಿ ಸರ್ವೀಸ್ ಆಫೀಸರ್ ಕೆಲಸವನ್ನು ವಿಚಾರಿಸಬಹುದು. ಶಸ್ತ್ರವಿಲ್ಲದ ಈ ಕೆಲಸ, ತರಗತಿಗಳು ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಳೆಂಬ ವೀಸಾ ಮಿತಿಯೊಳಗೆ ಬರುತ್ತದೆ.

ಇನ್ನು ಊರಿನಲ್ಲಿರುವ ಅಪ್ಪ ಅಮ್ಮಂದಿರ ವಿಷಯ. ಮಗ ಎರಡು ದಿನದಿಂದ ಫೋನ್ ಎತ್ತುತ್ತಿಲ್ಲವೆಂದರೆ ದಾವಣಗೆರೆಯಿಂದ ಅಮೆರಿಕದ ತುರ್ತು ಸಂಖ್ಯೆ 911 ಒತ್ತಿ ಪ್ರಯೋಜನವಿಲ್ಲ. ಕ್ಯಾಂಪಸ್ ಪೊಲೀಸರ ಹತ್ತು ಅಂಕಿಗಳ ನೇರ ದೂರವಾಣಿ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡು, ಅದಕ್ಕೆ ಕರೆ ಮಾಡಿ ಹೆಸರು, ಹಾಸ್ಟೆಲ್, ಕೋಣೆಯ ಸಂಖ್ಯೆ ಕೊಟ್ಟು ‘ವೆಲ್‌ಫೇರ್ ಚೆಕ್’ (ಹೋಗಿ ಕ್ಷೇಮ ವಿಚಾರಿಸುವುದು) ಮಾಡಿ ಎಂದು ಕೇಳಬೇಕು. ಅಲ್ಲಿಂದ ಮುಂದೆ ನಡೆಯುವುದನ್ನು ಗಸ್ತಿನ ಮುಖ್ಯಸ್ಥರು ನಿರ್ಧರಿಸುತ್ತಾರೆ. ಆ ವ್ಯಕ್ತಿ ಮಾನಸಿಕ ಅಸ್ವಸ್ಥತೆಯಿಂದ ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದಾರೆ ಎಂದು ಕಂಡರೆ ರಾಜ್ಯದ 5150 ಕಲಮಿನಡಿ 72 ಗಂಟೆಗಳವರೆಗೆ ಚಿಕಿತ್ಸಾ ಕೇಂದ್ರದಲ್ಲಿ ಇರಿಸಬಹುದು. ಇದು ಬಂಧನದ ದಾಖಲೆಯಲ್ಲ, ಗಾಬರಿಯಾಗಬೇಕಿಲ್ಲ. ಆದರೆ ಮಗನಿಗೆ 18 ತುಂಬಿದ್ದರೆ ವಿವರಗಳನ್ನೆಲ್ಲ ನಿಮಗೆ ಹೇಳುವರೆಂದು ನಿರೀಕ್ಷಿಸಬೇಡಿ.

ಅಧಿಕಾರಿಯ ವರ್ತನೆ ಸರಿಯಿರಲಿಲ್ಲ ಎನಿಸಿದರೆ ಸ್ಥಳದಲ್ಲಿ ವಾದಕ್ಕಿಳಿಯುವುದಕ್ಕಿಂತ ಹೆಸರು ಮತ್ತು ಬ್ಯಾಡ್ಜ್ ಸಂಖ್ಯೆ ಗುರುತಿಟ್ಟುಕೊಂಡು, ಪಾಳಿಯ ಸಾರ್ಜೆಂಟ್ ಅಥವಾ ಲೆಫ್ಟಿನೆಂಟ್ ಅವರೊಡನೆ ಮಾತನಾಡಬೇಕೆಂದು ಕೇಳುವುದು ಮೇಲು. ಸಾರ್ವಜನಿಕರ ದೂರನ್ನು ವಿಚಾರಿಸುವ ಲಿಖಿತ ವಿಧಾನ ಪ್ರತಿ ಇಲಾಖೆಯಲ್ಲಿಯೂ ಇರಬೇಕೆಂದು ರಾಜ್ಯದ ಕಾನೂನು ಹೇಳುತ್ತದೆ, ಮತ್ತು ದೂರು ಕೊಡಲು ಪೌರತ್ವವನ್ನೋ ವೀಸಾವನ್ನೋ ತೋರಿಸಬೇಕಿಲ್ಲ.